ಬೆಳಿಗ್ಗೆ ಹೋಗಿ ರಾತ್ರಿ ವಾಪಸ್: ಒಂದೇ ದಿನದ ಊಟಿ ಪ್ಯಾಕೇಜಿನಲ್ಲಿ ಬೆಟ್ಟ ಎಷ್ಟು ಸಿಗುತ್ತದೆ?

ಓದುಗರ ಪ್ರಶ್ನೆ: ನಮ್ಮದು ಮಂಡ್ಯ. ಮಗಳಿಗೆ ಬೆಟ್ಟಗುಡ್ಡ ತೋರಿಸಬೇಕು ಅಂತ ಬಹಳ ದಿನದಿಂದ ಆಸೆ. ರಜೆ ಸಿಗುವುದು ಭಾನುವಾರ ಒಂದೇ. ಮೈಸೂರಿನಿಂದ ಗೈಡ್ ಇರುವ ಪ್ಯಾಕೇಜ್ ಬಸ್ಸಿನಲ್ಲಿ ಬೆಳಿಗ್ಗೆ ಊಟಿಗೆ ಹೊರಟು ರಾತ್ರಿ ವಾಪಸ್ ಬರಬಹುದಾ? ಅಮ್ಮನೂ ಬರ್ತಾರೆ, ಅವರಿಗೆ ಮಂಡಿನೋವು. ಕೊಟ್ಟ ದುಡ್ಡಿಗೆ ಬೆಟ್ಟ ನೋಡಿದ ಹಾಗೆ ಆಗುತ್ತಾ, ಇಲ್ಲ ಬಸ್ಸಿನಲ್ಲಿ ಕೂತು ಬಂದ ಹಾಗೆ ಆಗುತ್ತಾ?

ಉತ್ತರ: ಹೋಗಿ ಬರಬಹುದು. ಎಷ್ಟೋ ಜನ ಹಾಗೇ ಹೋಗಿ ಬರುತ್ತಾರೆ. ಆದರೆ ನೀವು ಕೊನೆಯಲ್ಲಿ ಕೇಳಿದಿರಲ್ಲ, ಅದೇ ಇಲ್ಲಿ ಮುಖ್ಯವಾದ ಮಾತು. ಅದಕ್ಕೆ ಉತ್ತರ ಸಿಗಬೇಕಾದರೆ ಮೊದಲು ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕಬೇಕು.

ಮೈಸೂರು ಬಿಟ್ಟು ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ತಮಿಳುನಾಡಿನ ತೆಪ್ಪಕಾಡಿಗೆ ಬಂದರೆ ಅಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೊರಳಿದರೆ ಮಸಿನಗುಡಿ, ಅಲ್ಲಿಂದ 36 ಹೇರ್‌ಪಿನ್ ತಿರುವುಗಳ ಕಲ್ಲಟ್ಟಿ ಘಾಟಿ. ಹಾಗೆ ಹೋದರೆ ಮೈಸೂರಿನಿಂದ ಊಟಿಗೆ ಸುಮಾರು 125 ಕಿ.ಮೀ. ಆದರೆ ಆ ಘಾಟಿ ವಿಪರೀತ ಕಡಿದು, ದೊಡ್ಡ ಟೂರಿಸ್ಟ್ ಬಸ್ಸುಗಳಿಗೆ ಹೇಳಿದ್ದಲ್ಲ. ಹೊರಗಿನ ವಾಹನಗಳನ್ನು ಅಲ್ಲಿ ಕೆಳಗಿಳಿಯಲು ಬಿಡುವುದೂ ಇಲ್ಲ. ಹಾಗಾಗಿ ನಿಮ್ಮ ಬಸ್ಸು ಹೋಗುವುದು ಇನ್ನೊಂದು ದಾರಿಯಲ್ಲಿ: ಗೂಡಲೂರು, ನಡುವಟ್ಟಂ, ಪೈಕಾರ ಹಾದು ಊಟಿ. 155 ಕಿ.ಮೀ. ಆಸುಪಾಸು. ನಡುವೆ ತಿಂಡಿಗೆ ನಿಲ್ಲಿಸುವುದು, ಚೆಕ್‌ಪೋಸ್ಟು, ಘಾಟಿಯ ನಿಧಾನ ಎಲ್ಲ ಸೇರಿ ನಾಲ್ಕೂವರೆಯಿಂದ ಐದು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಏಳಕ್ಕೆ ಮೈಸೂರು ಬಿಟ್ಟವರು ಊಟಿಯಲ್ಲಿ ಇಳಿಯುವುದು ಹನ್ನೆರಡರ ಹೊತ್ತಿಗೆ.

ವಾಪಸ್ ಬರುವುದಕ್ಕೆ ಇನ್ನೊಂದು ಗಡುವಿದೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರ್ಕಾರಿ ಬಸ್ಸುಗಳನ್ನು ಬಿಟ್ಟರೆ ಯಾರಿಗೂ ಗೇಟು ತೆಗೆಯುವುದಿಲ್ಲ. ತೆಗೆಯಲೂ ಬಾರದು, ರಸ್ತೆ ದಾಟುವ ಆನೆಗೆ, ಜಿಂಕೆಗೆ ರಾತ್ರಿಯಾದರೂ ಅವುಗಳ ಕಾಡು ಅವುಗಳ ಪಾಲಿಗೆ ಇರಬೇಕು. ಊಟಿಯಿಂದ ಆ ಗೇಟಿಗೆ ಮೂರು ಗಂಟೆಯ ದಾರಿ. ಭಾನುವಾರ ಸಂಜೆ ಗೂಡಲೂರಿನಲ್ಲಿ ವಾಹನ ಸಾಲುಗಟ್ಟುವುದು ಗೊತ್ತಿರುವ ಡ್ರೈವರು ನಾಲ್ಕು, ಹೆಚ್ಚೆಂದರೆ ನಾಲ್ಕೂವರೆಗೆ ಊಟಿ ಬಿಡುತ್ತಾನೆ. ಅಲ್ಲಿಗೆ ನಿಮಗೆ ಊಟಿಯಲ್ಲಿ ಸಿಗುವುದು ನಾಲ್ಕು ಗಂಟೆ. ಅದರಲ್ಲಿ ಮಧ್ಯಾಹ್ನದ ಊಟಕ್ಕೆ ಒಂದು ಗಂಟೆ ಕಳೆಯಿರಿ. ಇನ್ನು ಮಂಡ್ಯದಿಂದ ಮೈಸೂರಿಗೆ ಬರುವುದು, ರಾತ್ರಿ ಮೈಸೂರಿನಿಂದ ಮಂಡ್ಯಕ್ಕೆ ಹೋಗುವುದು ಬೇರೆ. ಮಗಳನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿದರೆ ಅವಳು ಮತ್ತೆ ಹಾಸಿಗೆ ಕಾಣುವುದು ರಾತ್ರಿ ಹನ್ನೊಂದರ ಮೇಲೆ.

ಪ್ಯಾಕೇಜಿನ ಕರಪತ್ರದಲ್ಲಿ ದೊಡ್ಡಬೆಟ್ಟ, ಬೊಟಾನಿಕಲ್ ಗಾರ್ಡನ್, ಬೋಟ್ ಹೌಸ್, ಟೀ ಫ್ಯಾಕ್ಟರಿ, ಶೂಟಿಂಗ್ ಸ್ಪಾಟ್ ಅಂತ ಉದ್ದಕ್ಕೆ ಬರೆದಿರುತ್ತಾರೆ. ಉಳಿದ ಮೂರು ಗಂಟೆಯಲ್ಲಿ ಇವಿಷ್ಟನ್ನೂ ಮುಗಿಸಿದರೆ ಯಾವುದೂ ನೋಡಿದಂತಾಗುವುದಿಲ್ಲ. ಅದರಲ್ಲೂ ದೊಡ್ಡಬೆಟ್ಟದ ವಿಷಯ ಹೇಳಲೇಬೇಕು. 2,637 ಮೀಟರ್ ಎತ್ತರದ ಶಿಖರ, ಆಕಾಶ ತಿಳಿಯಾಗಿದ್ದರೆ ನಿಜಕ್ಕೂ ಮೈಮರೆಸುವ ಜಾಗ. ಆದರೆ ಬಿಸಿಲೇರಿದಂತೆ ಕಣಿವೆಯ ತೇವದ ಗಾಳಿ ಇಳಿಜಾರು ಹಿಡಿದು ಮೇಲೇರುತ್ತದೆ, ಮೇಲೆ ತಣ್ಣಗಾಗಿ ಮೋಡವಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಸುತ್ತಲಿನ ಬೆಟ್ಟಸಾಲು ಕಾಣುವ ಜಾಗದಲ್ಲಿ ಮಧ್ಯಾಹ್ನ ಎರಡಕ್ಕೆ ಬರೀ ಬಿಳಿ ಮಂಜು ತುಂಬಿರುವುದು ಮಾಮೂಲು. ಒಂದೇ ದಿನಕ್ಕೆ ಹೋದವರು ಅಲ್ಲಿ ತಲುಪುವುದೇ ಮಧ್ಯಾಹ್ನ. ಮಳೆಗಾಲದಲ್ಲಂತೂ ಕೇಳುವುದೇ ಬೇಡ.

ಹಾಗಾದರೆ ಬೆಟ್ಟ ಎಲ್ಲಿ ಸಿಗುತ್ತದೆ? ದಾರಿಯಲ್ಲಿ. ಈ ಪ್ರವಾಸದ ಅತಿ ಚೆಂದದ ಭಾಗ ಗೂಡಲೂರಿನಿಂದ ಪೈಕಾರದವರೆಗಿನ ಘಾಟಿ, ಮತ್ತು ಬಹುಪಾಲು ಜನ ಅಲ್ಲಿ ನಿದ್ದೆ ಮಾಡುತ್ತಿರುತ್ತಾರೆ, ಇಲ್ಲವೇ ಬಸ್ಸಿನ ಟಿ.ವಿ.ಯಲ್ಲಿ ಸಿನಿಮಾ ನೋಡುತ್ತಿರುತ್ತಾರೆ. ನನಗೆ ಇದು ಪ್ರತಿ ಸಲವೂ ಹೊಟ್ಟೆ ಉರಿಸುವ ಸಂಗತಿ. ಗೂಡಲೂರು ಬಿಟ್ಟು ಸ್ವಲ್ಪ ಮೇಲೇರಿದರೆ ಸೂಜಿಮಲೆ ಎನ್ನುವ ಕಲ್ಲಿನ ಕೋಡು ಬರುತ್ತದೆ. ನೀಲ್‌ಗಿರಿ ಮರಗಳ ನಡುವೆ ಸ್ವಲ್ಪ ದೂರ ನಡೆದು ಅದರ ತುದಿಗೆ ಹೋದರೆ ಕೆಳಗೆ ಗೂಡಲೂರಿನ ಬಯಲು, ಅದರಾಚೆ ನೀವು ಬೆಳಿಗ್ಗೆ ದಾಟಿ ಬಂದ ಮುದುಮಲೆ ಕಾಡು ಹಾಸಿಕೊಂಡಿರುತ್ತದೆ. ಅಷ್ಟು ಎತ್ತರ ಹತ್ತಿದೆವು ಅನ್ನುವುದು ಕಣ್ಣಿಗೆ ಕಾಣುವುದು ಅಲ್ಲಿ. ಮುಂದೆ ನಡುವಟ್ಟಂ. ಮಲೇರಿಯಾಕ್ಕೆ ಮದ್ದಾದ ಕ್ವಿನೈನ್ ತೆಗೆಯುವ ಸಿಂಕೋನಾ ಮರಗಳನ್ನು ಬ್ರಿಟಿಷರು ಬೆಳೆಸಿದ ಜಾಗ ಅದು. ಈಗ ಕಣ್ಣು ಹಾಯಿಸಿದಷ್ಟೂ ಟೀ.

ನಡುವಟ್ಟಂ ದಾಟಿ ಪೈಕಾರದ ಕಡೆ ಹೊರಳಿದಾಗ ಕಿಟಕಿಯಿಂದ ಒಂದು ಸಂಗತಿ ಗಮನಿಸಿ. ಗುಡ್ಡದ ಬೆನ್ನೆಲ್ಲ ಬೋಳು ಹುಲ್ಲುಗಾವಲು, ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ ಒತ್ತಾದ ಗಿಡ್ಡ ಮರಗಳ ಕಪ್ಪು ಹಸಿರು. ಅದೇ ಶೋಲಾ ಕಾಡು, ನೀಲಗಿರಿಯ ಮೂಲ ರೂಪ. ಸುತ್ತ ಕಾಣುವ ನೀಲ್‌ಗಿರಿ ಮರ, ಪೈನ್, ವ್ಯಾಟಲ್ ಎಲ್ಲ ಹೊರಗಿನಿಂದ ತಂದು ನೆಟ್ಟವು. ಆ ಮಡಿಕೆಯ ಕಾಡು ಮಳೆನೀರನ್ನು ಹಿಡಿದಿಟ್ಟು ವರ್ಷವಿಡೀ ಸಣ್ಣ ಸಣ್ಣ ತೊರೆಯಾಗಿ ಬಿಡುತ್ತದೆ. ಆ ತೊರೆಗಳು ಕೂಡಿ ಪೈಕಾರ ಹೊಳೆ. ಅದೇ ಹೊಳೆ ಕೆಳಗಿಳಿದು ಮೋಯಾರ್ ಆಗುತ್ತದೆ, ತೆಪ್ಪಕಾಡಿನಲ್ಲಿ ನಿಮ್ಮ ಎದುರಿಗೆ ಹರಿಯುವುದು ಅದೇ. ಮೋಯಾರ್ ಭವಾನಿಗೆ, ಭವಾನಿ ಕಾವೇರಿಗೆ. ಮಂಡ್ಯದ ಮಗುವಿಗೆ ನಾಲೆಯ ನೀರು ಗೊತ್ತು, ಹೊಳೆ ಎಲ್ಲಿ ಹುಟ್ಟುತ್ತದೆ ಅನ್ನುವುದನ್ನು ಬೆರಳು ತೋರಿಸಿ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಗೈಡ್‌ಗೆ ಕೊಡುವ ದುಡ್ಡು ಸಾರ್ಥಕವಾಗುವುದು ಇಲ್ಲೇ. ಒಳ್ಳೆಯ ಗೈಡ್ ಗೂಡಲೂರಿನಲ್ಲಿ ಮೈಕ್ ಹಿಡಿದು ಎದ್ದು ನಿಂತು ಎಡಗಡೆ ನೋಡಿ, ಈಗ ಬಲಗಡೆ ನೋಡಿ ಅನ್ನುತ್ತಾ ಜನರನ್ನು ಎಚ್ಚರಿಸುತ್ತಾನೆ, ಸೂಜಿಮಲೆಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸುತ್ತಾನೆ, ನೀಲಗಿರಿಯ ಹಳೆಯ ಸಮುದಾಯಗಳಾದ ತೋಡರ ಬಗ್ಗೆ, ಬಡಗರ ಬಗ್ಗೆ ನಾಲ್ಕು ಮಾತು ಹೇಳುತ್ತಾನೆ. ಬಡಗರ ಮಾತಿಗೆ ಸ್ವಲ್ಪ ಕಿವಿಗೊಟ್ಟರೆ ನಮಗೆ ಅರ್ಧಕ್ಕರ್ಧ ತಿಳಿಯುತ್ತದೆ. ನಮ್ಮ ಕಡೆಯಿಂದಲೇ ಹತ್ತಿ ಹೋದವರು ಅಂತ ಅವರಲ್ಲಿ ಹೇಳಿಕೆಯಿದೆ. ಇನ್ನೊಂದು ಬಗೆಯ ಗೈಡ್ ಇರುತ್ತಾನೆ. ಹತ್ತಿದಾಗ ತಲೆ ಎಣಿಸುತ್ತಾನೆ, ಚಾಕೊಲೇಟ್ ಅಂಗಡಿಯ ಮುಂದೆ ಮುಕ್ಕಾಲು ಗಂಟೆ ಬಿಡುತ್ತಾನೆ, ಇಳಿಯುವಾಗ ಟಿಪ್ಸ್ ಕೇಳುತ್ತಾನೆ. ಇರುವ ಮೂರು ಗಂಟೆಯಲ್ಲಿ ಮುಕ್ಕಾಲು ಗಂಟೆ ಅಂಗಡಿಗೆ ಹೋದರೆ ಉಳಿಯುವುದೇನು? ಬುಕ್ ಮಾಡುವಾಗಲೇ ಫೋನಿನಲ್ಲಿ ಬಿಡಿಸಿ ಕೇಳಿ: ಊಟಿಯಿಂದ ಎಷ್ಟು ಗಂಟೆಗೆ ಹೊರಡ್ತೀರಿ, ಘಾಟಿಯಲ್ಲಿ ಎಲ್ಲಿ ನಿಲ್ಲಿಸ್ತೀರಿ, ಅಂಗಡಿಗೆ ಎಷ್ಟು ಹೊತ್ತು, ಗೈಡ್ ಕನ್ನಡ ಮಾತಾಡ್ತಾರಾ, ಎಂಟ್ರಿ ಟಿಕೆಟ್ಟು ನಮ್ಮದಾ ನಿಮ್ಮದಾ. ಘಾಟಿಯಲ್ಲಿ ನಿಲ್ಲಿಸುವ ಪ್ರಶ್ನೆಗೆ ತಡವರಿಸಿದರೆ ಆ ಬಸ್ಸು ಬೇಡ.

ಇ-ಪಾಸ್ ಬಗ್ಗೆಯೂ ಕೇಳಿಕೊಳ್ಳಿ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಹೊರಗಿನ ವಾಹನಗಳು ನೀಲಗಿರಿಗೆ ಹೋಗಲು ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ಇದರ ಜೊತೆಗೆ ಮಿತಿಯೂ ಬಂತು: ವಾರದ ದಿನಗಳಲ್ಲಿ 6,000, ಶನಿವಾರ ಭಾನುವಾರ 8,000 ವಾಹನ. ಪ್ಯಾಕೇಜ್ ಬಸ್ಸಾದರೆ ಇದು ಅವರ ಜವಾಬ್ದಾರಿ, ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಪಾಸಿನ ತಲೆನೋವಿಲ್ಲ. ಸ್ವಂತ ಕಾರಿನಲ್ಲಿ ಹೋಗುವವರು ಮೊದಲೇ ಮಾಡಿಸಿಕೊಳ್ಳಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಅಲ್ಲಿ ನಿಷೇಧವಿದೆ, ಮನೆಯಿಂದಲೇ ಸ್ಟೀಲ್ ಬಾಟಲಿ ತಗೊಂಡು ಹೋಗಿ.

ಪುಟಾಣಿ ರೈಲಿನ ಆಸೆ ಮಾತ್ರ ಈ ಸಲ ಬಿಡಿ. 1908ರಲ್ಲಿ ಊಟಿ ಮುಟ್ಟಿದ, 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಆ ರೈಲಿಗೆ ಒಂದು ರಾತ್ರಿ ಉಳಿಯುವಂತೆ ಹೋದಾಗಲೇ ನ್ಯಾಯ ಸಿಗುವುದು.

ಈಗ ನಿಮ್ಮ ಅಮ್ಮನ ವಿಷಯಕ್ಕೆ ಬರುತ್ತೇನೆ. ಮಂಡಿನೋವಿನವರು ಹತ್ತು ಗಂಟೆ ಬಸ್ಸಿನ ಸೀಟಿನಲ್ಲಿ ಕಾಲು ಮಡಿಸಿ ಕೂರುವುದು ಸುಲಭವಲ್ಲ. ಅವರನ್ನೂ ಮಗಳನ್ನೂ ಕರೆದುಕೊಂಡು ಒಂದೇ ದಿನದಲ್ಲಿ ಬೆಟ್ಟ ನೋಡಿ ಬರಬೇಕಾದರೆ ನಾನು ಊಟಿ ಹೇಳುವುದಿಲ್ಲ, ಗೋಪಾಲಸ್ವಾಮಿ ಬೆಟ್ಟ ಹೇಳುತ್ತೇನೆ. ಮೈಸೂರಿನಿಂದ 80 ಕಿ.ಮೀ. ಒಳಗೆ, ಎರಡು ಗಂಟೆಯ ದಾರಿ. ಎತ್ತರ 1,454 ಮೀಟರ್, ಅಂದರೆ ಮೈಸೂರಿನ ಹೆಚ್ಚುಕಡಿಮೆ ಎರಡರಷ್ಟು. ಬೆಳಿಗ್ಗೆ ಆರಕ್ಕೆ ಮೈಸೂರು ಬಿಟ್ಟರೆ ಬಿಸಿಲೇರುವ ಮುಂಚೆ ಬೆಟ್ಟದ ಬುಡದಲ್ಲಿರುತ್ತೀರಿ. ಮೇಲಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಕೆ.ಎಸ್.ಆರ್.ಟಿ.ಸಿ. ಬಸ್ಸೇ ಹತ್ತಿಸಿ ಇಳಿಸುತ್ತದೆ. ಭಾನುವಾರ ಹತ್ತು ಗಂಟೆಯಾದ ಮೇಲೆ ಆ ಬಸ್ಸಿಗೆ ಸಾಲು ಬೆಳೆಯುತ್ತದೆ, ಅದಕ್ಕೇ ಬೇಗ ಹೋಗಿ ಅಂದದ್ದು.

ಮೇಲೆ ಹೊಯ್ಸಳರ ಕಾಲದ ವೇಣುಗೋಪಾಲನ ಗುಡಿ. ಮಂಜು ಕವಿದ ದಿನ ಎದುರಿಗಿದ್ದವರ ಮುಖವೂ ಮಸುಕು. ಅದು ಹರಿದಾಗ ನಾಲ್ಕೂ ಕಡೆ ಹುಲ್ಲಿನ ಗುಡ್ಡಗಳು ಅಲೆಅಲೆಯಾಗಿ ಕಾಣುತ್ತವೆ, ಅವುಗಳ ಮಡಿಕೆಯಲ್ಲಿ ಅದೇ ಶೋಲಾ ಕಾಡು. ಎದುರು ಇಳಿಜಾರಿನಲ್ಲಿ ಆನೆ ಹಿಂಡು ಮೇಯುವುದನ್ನು ಗುಡಿಯ ಅಂಗಳದಿಂದ ನೋಡಿದವರು ಬೇಕಾದಷ್ಟು ಜನ. ಹುಲ್ಲಿಗಿಳಿದು ಅಡ್ಡಾಡಲು ಬಿಡುವುದಿಲ್ಲ, ಹುಲಿ ಕಾಡು ಅದು. ಅಮ್ಮನ ಮಟ್ಟಿಗೆ ಇದೂ ಅನುಕೂಲವೇ: ಬಸ್ ಇಳಿದರೆ ಗುಡಿಗೆ ಮೆಟ್ಟಿಲು ಹತ್ತುವಷ್ಟೇ ಕೆಲಸ, ಕೂತು ನೋಡಲು ಜಾಗವಿದೆ. ಜೂನ್ ಕೊನೆಯಿಂದ ಆಗಸ್ಟಿನೊಳಗೆ ಹೋದರೆ ಗುಂಡ್ಲುಪೇಟೆಯ ಆಚೀಚೆ ರಸ್ತೆ ಪಕ್ಕದ ಹೊಲಗಳಲ್ಲಿ ಸೂರ್ಯಕಾಂತಿ, ಚೆಂಡುಹೂವು ಅರಳಿರುತ್ತದೆ. ಫೋಟೋ ತೆಗೆಯುವ ಮುಂಚೆ ರೈತರನ್ನು ಒಂದು ಮಾತು ಕೇಳಿ. ಗಿಡ ತುಳಿದರೆ ಆಗುವ ನಷ್ಟ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ.

ಗೈಡ್ ಮತ್ತು ಪ್ಯಾಕೇಜೇ ಬೇಕು ಅನ್ನುವುದಾದರೆ ದಸರಾ ಸಮಯದಲ್ಲಿ ಕೆ.ಎಸ್.ಆರ್.ಟಿ.ಸಿ. ಮೈಸೂರಿನಿಂದ ಓಡಿಸುವ ಗಿರಿದರ್ಶಿನಿ ವಿಚಾರಿಸಿ. ಬಂಡೀಪುರ, ಗೋಪಾಲಸ್ವಾಮಿ ಬೆಟ್ಟ, ಬಿಳಿಗಿರಿರಂಗನ ಬೆಟ್ಟ, ನಂಜನಗೂಡು, ಚಾಮುಂಡಿ ಬೆಟ್ಟ ಒಂದೇ ದಿನದಲ್ಲಿ. ದುಡ್ಡಿಗೆ ಮೋಸವಿಲ್ಲ, ಆದರೆ ಒಂದು ದಿನಕ್ಕೆ ಅದು ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಬಿಳಿಗಿರಿರಂಗನ ಬೆಟ್ಟಕ್ಕೇ ಒಂದು ದಿನ ಬೇಕು. ಯಳಂದೂರು ಕಡೆಯಿಂದ ಹತ್ತಿ, ಬಂಡೆಯಂಚಿನ ಗುಡಿಯಿಂದ ಕೆಳಗಿನ ಬಯಲು ನೋಡಿ, ಸೋಲಿಗರು ಪೂಜಿಸುವ ದೊಡ್ಡಸಂಪಿಗೆ ಮರದ ಬಗ್ಗೆ ಅವರ ಬಾಯಿಂದಲೇ ಕೇಳಿ ಬರುವುದಕ್ಕೆ ಆತುರ ಸಲ್ಲದು.

ಮಡಿಕೇರಿ ಪ್ಯಾಕೇಜಿನ ಬಗ್ಗೆಯೂ ಕೇಳುವವರಿದ್ದಾರೆ. ದೂರ 120 ಕಿ.ಮೀ., ರಸ್ತೆ ಸಲೀಸು. ತೊಂದರೆ ಇರುವುದು ಅವರು ಹಾಕುವ ಜಾಗಗಳಲ್ಲಿ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್, ನಿಸರ್ಗಧಾಮ, ದುಬಾರೆ ಎಲ್ಲ ಚೆಂದವೇ, ಆದರೆ ಮೂರೂ ಕುಶಾಲನಗರದ ಸುತ್ತಮುತ್ತ ತಗ್ಗಿನಲ್ಲಿವೆ. ಬೆಟ್ಟ ಹತ್ತುವುದು ಅದರ ಮೇಲೆ. ಇವನ್ನೆಲ್ಲ ಮುಗಿಸಿ ಮಡಿಕೇರಿ ಸೇರುವಾಗ ಸಂಜೆ, ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದನ್ನು ನೋಡಿ ವಾಪಸ್. ನಿಮ್ಮ ಮಗಳಿಗೆ ಬೆಟ್ಟ ತೋರಿಸಬೇಕೆಂದಿದ್ದರೆ ಬೆಳಿಗ್ಗೆ ನೇರವಾಗಿ ಮಡಿಕೇರಿಗೆ ಹೋಗಿ, ಬರುವಾಗ ಬೈಲಕುಪ್ಪೆ ನೋಡುವ ಹಾಗೆ ಏರ್ಪಾಟು ಮಾಡಿಕೊಳ್ಳಿ.

ಇಷ್ಟಾದರೂ ಮಗಳು ಊಟಿಯೇ ಬೇಕು ಅಂದರೆ ಹೋಗಿ, ಬೇಡ ಅನ್ನುವುದಿಲ್ಲ. ಬೋಟ್ ಹೌಸು, ಅಂಗಡಿ ಬಿಟ್ಟು 1848ರಲ್ಲಿ ಶುರುವಾದ ಬೊಟಾನಿಕಲ್ ಗಾರ್ಡನ್ ಒಂದನ್ನೇ ನಿಧಾನವಾಗಿ ನೋಡಿ. ಮೈಸೂರಿಗಿಂತ ಊಟಿ ಸುಮಾರು 1,470 ಮೀಟರ್ ಎತ್ತರ, ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೂ ಒಂಬತ್ತು ಡಿಗ್ರಿಗೂ ಹೆಚ್ಚು ತಣ್ಣಗಿರುತ್ತದೆ. ಮೈಸೂರಿನ ಬಿಸಿಲು ನೋಡಿ ಸ್ವೆಟರ್ ಮನೆಯಲ್ಲಿ ಬಿಡಬೇಡಿ. ಗುಂಡ್ಲುಪೇಟೆಯಲ್ಲಿ ಎರಡು ಇಡ್ಲಿಗೆ ನಿಲ್ಲಿಸಿ. ಹೊಟ್ಟೆ ತುಂಬಾ ಪೂರಿ ತಿಂದು ಘಾಟಿ ಹತ್ತಿದರೆ ಮಕ್ಕಳಿಗೆ ವಾಂತಿ ಖಂಡಿತ. ಮಾತ್ರೆ ಕೊಡುವುದಾದರೆ ಡಾಕ್ಟರನ್ನು ಕೇಳಿ ಹೊರಡುವ ಮುಂಚೆಯೇ ಕೊಡಬೇಕು, ತಿರುವು ಶುರುವಾದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಅಮ್ಮನಿಗೆ ಬಾಗಿಲ ಹತ್ತಿರದ, ಕಾಲು ಚಾಚಲು ಜಾಗವಿರುವ ಮುಂದಿನ ಸೀಟನ್ನೇ ಕೇಳಿ ಬರೆಸಿಕೊಳ್ಳಿ. ಹಿಂದಿನ ಚಕ್ರದ ಮೇಲಿನ ಸೀಟು ಕೊಟ್ಟರೆ ಒಪ್ಪಬೇಡಿ, ಬೇರೆ ಭಾನುವಾರ ನೋಡಿ.