ಪ್ರೋಗ್ರಾಮ್ ಬಿದ್ದ ಸಾಲಿನಲ್ಲೇ ತಪ್ಪು ಇರಬೇಕೆ?

ಪ್ರಶ್ನೆ: ಸಿ ಭಾಷೆಯಲ್ಲಿ ಬರೆದ ನನ್ನ ಪ್ರೋಗ್ರಾಮ್ ಲಿನಕ್ಸ್‌ನಲ್ಲಿ ಪ್ರತಿ ಸಲವೂ, ಪಡೆದ ಮೆಮೊರಿಯನ್ನು ಮರಳಿಸುವ ಫ್ರೀ ಎಂಬ ಫಂಕ್ಷನ್ ಕರೆಯುವ ಸಾಲಿನಲ್ಲಿ ನಿಂತುಹೋಗುತ್ತದೆ. ಆ ಸಾಲನ್ನು ಎಷ್ಟು ನೋಡಿದರೂ ತಪ್ಪು ಕಾಣುವುದಿಲ್ಲ. ಪತ್ತೆಗೆಂದು ಮೇಲೆ ಪರದೆಗೆ ಬರೆಯುವ ಒಂದು ಪ್ರಿಂಟ್‌ಎಫ್ ಸೇರಿಸಿದರೆ ಸರಿಯಾಗಿ ಓಡುತ್ತದೆ. ಇದು ಕಂಪೈಲರಿನ ದೋಷವೇ? ಡೀಬಗ್ಗಿಂಗ್, ಅಂದರೆ ತಪ್ಪು ಹುಡುಕಿ ತಿದ್ದುವುದನ್ನು, ಕಲಿಯಲು ಎಲ್ಲಿಂದ ಆರಂಭಿಸಲಿ?

ಉತ್ತರ: ಕಂಪೈಲರಿನ ದೋಷವಲ್ಲ. ಕಂಪೈಲರುಗಳು ತಪ್ಪೇ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಉಳಿದ ಎಲ್ಲರನ್ನೂ ವಿಚಾರಿಸಿದ ಮೇಲಷ್ಟೇ ಅದರ ಮೇಲೆ ಸಂಶಯಪಡಬೇಕು. ಇದೇ ಪ್ರಶ್ನೆ ಒಮ್ಮೆ ಫ್ರೀ ಹೆಸರಿನಲ್ಲಿ, ಒಮ್ಮೆ ಮೆಮೊರಿ ಕೇಳಿ ಪಡೆಯುವ ಮ್ಯಾಲಕ್ ಹೆಸರಿನಲ್ಲಿ, ಮತ್ತೊಮ್ಮೆ ಬೇರೆ ಯಾರೋ ಬರೆದ ಲೈಬ್ರರಿಯ ಹೆಸರಿನಲ್ಲಿ ನನ್ನ ಮುಂದೆ ಬರುತ್ತಲೇ ಇದೆ. ಎಲ್ಲದರ ಬುಡದಲ್ಲಿ ಇರುವುದು ಒಂದೇ ನಂಬಿಕೆ: ಪ್ರೋಗ್ರಾಮ್ ಎಲ್ಲಿ ಬಿತ್ತೋ ತಪ್ಪು ಅಲ್ಲೇ ಇದೆ. ಈ ನಂಬಿಕೆಯನ್ನು ಬಿಡದೆ ಯಾವ ಸಾಧನವನ್ನು ಕಲಿತರೂ ಪ್ರಯೋಜನ ಅಷ್ಟಕ್ಕಷ್ಟೆ.

ನಂಬಿಕೆ ಹುಟ್ಟಿದ್ದು ಏಕೆಂದು ಊಹಿಸುವುದು ಕಷ್ಟವಲ್ಲ. ಪೈಥಾನ್, ಜಾವಾದಂಥ ಭಾಷೆಗಳಲ್ಲಿ ಹತ್ತು ಅಂಶಗಳಿರುವ ಪಟ್ಟಿಯ ಹನ್ನೊಂದನೆಯದನ್ನು ಕೇಳಿದರೆ, ಕೇಳಿದ ಆ ಸಾಲಿನಲ್ಲೇ ತಕರಾರು ಬರುತ್ತದೆ. ಸಿ ಭಾಷೆಯಲ್ಲಿ ಅಂಥ ಕಾವಲು ಇಲ್ಲ. ಪ್ರೊಸೆಸರ್ ಮತ್ತು ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಸೇರಿ ನಡೆಸುವ ತಪಾಸಣೆ ಪುಟಗಳ, ಅಂದರೆ ಮೆಮೊರಿಯ ದೊಡ್ಡ ಹೋಳುಗಳ, ಮಟ್ಟದಲ್ಲಿ ಮಾತ್ರ ಇರುತ್ತದೆ, ಮತ್ತು ಎಕ್ಸ್86 ಯಂತ್ರಗಳಲ್ಲಿ ಒಂದು ಪುಟವೆಂದರೆ ಸಾಮಾನ್ಯವಾಗಿ 4096 ಬೈಟ್. ಮುಟ್ಟಿದ ಪುಟ ನಿಮ್ಮ ಪ್ರೋಗ್ರಾಮಿನದೇ ಆಗಿದ್ದು ಅಲ್ಲಿ ಬರೆಯಲು ಅನುಮತಿಯೂ ಇದ್ದರೆ, ಅದರೊಳಗೆ ಯಾರ ಜಾಗದಲ್ಲಿ ಯಾರು ಬರೆದರು ಎಂಬುದು ಕರ್ನಲ್‌ಗೆ ಬೇಕಿಲ್ಲದ ವಿಷಯ. ನಿಮ್ಮದಲ್ಲದ ಅಥವಾ ಅನುಮತಿಯಿಲ್ಲದ ಪುಟವನ್ನು ಮುಟ್ಟಿದಾಗ ಮಾತ್ರ ಸೆಗ್ಮೆಂಟೇಶನ್ ಫಾಲ್ಟ್ ಬಂದು ಪ್ರೋಗ್ರಾಮ್ ಬೀಳುತ್ತದೆ.

ಈಗ ನಿಮ್ಮ ಸಂಗತಿಗೆ ಹತ್ತಿರವಾದ ಒಂದು ಉದಾಹರಣೆ. ಮ್ಯಾಲಕ್‌ನಿಂದ 24 ಬೈಟ್ ಪಡೆದು, ಅದರೊಳಗೆ 24 ಬೈಟ್ ಉದ್ದದ ಹೆಸರೊಂದನ್ನು ನಕಲು ಮಾಡಿದಿರಿ ಎಂದುಕೊಳ್ಳಿ. ಹೆಸರು ಮುಗಿಯಿತೆಂದು ತಿಳಿಸುವ, ಸ್ಟ್ರಿಂಗಿನ ಕೊನೆಯ ಸೊನ್ನೆ 25ನೆಯ ಬೈಟಿಗೆ ಹೋಗುತ್ತದೆ. 64 ಬಿಟ್ ಲಿನಕ್ಸ್‌ನ ಜಿಲಿಬ್‌ಸಿಯಲ್ಲಿ (ಮ್ಯಾಲಕ್, ಫ್ರೀ ಇರುವ ಸಿ ಲೈಬ್ರರಿ) ಆ ಬೈಟು, ಮ್ಯಾಲಕ್ ಕೊಟ್ಟ ಪಕ್ಕದ ತುಂಡಿನ ಗಾತ್ರವನ್ನು ಬರೆದಿಟ್ಟಿರುವ ಜಾಗ. ಪಕ್ಕದ್ದೂ ಅಷ್ಟೇ ದೊಡ್ಡದಾಗಿದ್ದರೆ ಅಲ್ಲಿ 33 ಎಂದಿರುತ್ತದೆ, ಅಂದರೆ ಲೆಕ್ಕ ಬರೆದಿಡುವ 8 ಬೈಟೂ ಸೇರಿ ಗಾತ್ರ 32 ಮತ್ತು ಒಂದು ಗುರುತಿನ ಬಿಟ್. ನಿಮ್ಮ ಸೊನ್ನೆ ಅದನ್ನು ಅಳಿಸಿಹಾಕುತ್ತದೆ, ಆದರೆ ಆ ಕ್ಷಣದಲ್ಲಿ ಏನೂ ಆಗುವುದಿಲ್ಲ. ಸಾವಿರಾರು ಸಾಲುಗಳು ನೆಮ್ಮದಿಯಾಗಿ ಓಡುತ್ತವೆ. ಕೊನೆಗೆ ಯಾವುದೋ ಫಂಕ್ಷನ್ ಆ ಪಕ್ಕದ ತುಂಡನ್ನು ಮರಳಿಸಲು ಹೋದಾಗ ಫ್ರೀ ಲೆಕ್ಕ ನೋಡುತ್ತದೆ, ಗಾತ್ರ ಸೊನ್ನೆ ಎಂದು ಕಂಡು ಗಾಬರಿಯಾಗಿ ಪ್ರೋಗ್ರಾಮನ್ನೇ ನಿಲ್ಲಿಸುತ್ತದೆ. ಇಲ್ಲಿ ಫ್ರೀ ದೂರು ಕೊಟ್ಟವನು. ನೀವು ದೂರು ಕೊಟ್ಟವನನ್ನೇ ಹಿಡಿದು ಕೂರಿಸಿಕೊಂಡು ವಿಚಾರಣೆ ನಡೆಸುತ್ತಿದ್ದೀರಿ.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಇದೇ ಪ್ರೋಗ್ರಾಮಿನಲ್ಲಿ 20 ಬೈಟ್ ಕೇಳಿ 21 ಬೈಟ್ ಬರೆದಿದ್ದರೆ ಎಂದೂ ಬೀಳುತ್ತಿರಲಿಲ್ಲ, ಏಕೆಂದರೆ 20 ಕೇಳಿದವರಿಗೂ ಜಿಲಿಬ್‌ಸಿ 24 ಬೈಟ್ ಬಳಸುವಷ್ಟು ಜಾಗವನ್ನೇ ಕೊಡುತ್ತದೆ. ತಪ್ಪು ಅಷ್ಟೇ ದೊಡ್ಡದು, ಶಿಕ್ಷೆ ಮಾತ್ರ ಇಲ್ಲ. ‘ಸರಿಯಾಗಿ ಓಡುತ್ತಿದೆ, ಆದ್ದರಿಂದ ಸರಿಯಿದೆ’ ಎನ್ನುವವರು ಈ ನಾಲ್ಕು ಬೈಟುಗಳ ಔದಾರ್ಯದ ಮೇಲೆ ಬದುಕುತ್ತಿದ್ದಾರೆ.

ಪ್ರಿಂಟ್‌ಎಫ್‌ನ ಪವಾಡವೂ ಇದರಲ್ಲೇ ಅಡಗಿದೆ. ಮೊದಲ ಸಲ ಓಡುವಾಗ ಅದು ತನ್ನ ಬಫರಿಗಾಗಿ (ಬರೆಯಬೇಕಾದದ್ದನ್ನು ಕೂಡಿಡುವ ಜಾಗಕ್ಕಾಗಿ) ತಾನೂ ಮ್ಯಾಲಕ್‌ನಿಂದ ಜಾಗ ಪಡೆಯುತ್ತದೆ. ಆ ಬಫರ್ ನಿಮ್ಮ ಎರಡು ತುಂಡುಗಳ ನಡುವೆ ಬಂದು ಕುಳಿತರೆ, ಕೆಡುವುದು ಅದರ ಲೆಕ್ಕ. ಅದನ್ನು ಸಾಮಾನ್ಯವಾಗಿ ಯಾರೂ ಮಧ್ಯದಲ್ಲಿ ಮರಳಿಸುವುದಿಲ್ಲವಾದ್ದರಿಂದ ಪ್ರೋಗ್ರಾಮ್ ಸುಖವಾಗಿ ಮುಗಿಯುತ್ತದೆ. ತಪ್ಪು ಹೋಗಿಲ್ಲ, ಬೇರೆ ಕಡೆಗೆ ಸರಿದಿದೆ. ಹೀಗಿರುವಾಗ ಆ ಪ್ರಿಂಟ್‌ಎಫ್ ಅನ್ನೇ ಪರಿಹಾರವೆಂದು ಉಳಿಸಿಕೊಂಡು, ‘ತೆಗೆಯಬೇಡಿ’ ಎಂದು ಪಕ್ಕದಲ್ಲಿ ಟಿಪ್ಪಣಿ ಬರೆದಿಟ್ಟವರಿಗೆ ಏನು ಹೇಳಬೇಕೋ ತಿಳಿಯದು.

ಹಾಗಾದರೆ ಆರಂಭ ಎಲ್ಲಿಂದ? ಪ್ರೋಗ್ರಾಮನ್ನು ತಡೆದು ಒಳಗೆ ನೋಡಲು ಬಿಡುವ ಜಿಡಿಬಿಯಿಂದ ಎಂದು ಎಲ್ಲರೂ ಹೇಳುತ್ತಾರೆ, ಮತ್ತು ಎಲ್ಲಿಯೂ ತೋರಿಸದ ಸೊನ್ನೆ ಪಾಯಿಂಟರನ್ನು ಬಳಸುವಂಥ ನೇರ ತಪ್ಪುಗಳಿಗೆ ಅದು ಸಾಕು. ಆದರೆ ಅದು ತೋರಿಸುವ ಬ್ಯಾಕ್‌ಟ್ರೇಸ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಸರಪಳಿ) ಹೇಳುವುದು ಬಿದ್ದ ಜಾಗವನ್ನು, ಕೆಟ್ಟ ಜಾಗವನ್ನಲ್ಲ. ಮೆಮೊರಿಯ ತಪ್ಪಿಗೆ ಮೊದಲು ಅಡ್ರೆಸ್ ಸ್ಯಾನಿಟೈಸರ್ ಬಳಸಿ. ಜಿಸಿಸಿ ಮತ್ತು ಕ್ಲ್ಯಾಂಗ್ ಎಂಬ ಎರಡು ಕಂಪೈಲರುಗಳಲ್ಲೂ ಅದು ಒಂದು ಆಯ್ಕೆಯಷ್ಟೇ. ಡೀಬಗ್ ಮಾಹಿತಿಯನ್ನೂ ಸೇರಿಸಿ ಮತ್ತೆ ಕಂಪೈಲ್ ಮಾಡಿದರೆ ಆಯಿತು. ಪ್ರತಿ ತುಂಡಿನ ಸುತ್ತ ಅದು ಮುಟ್ಟಬಾರದ ಜಾಗವೊಂದನ್ನು ಇಡುತ್ತದೆ, ಆದ್ದರಿಂದ 25ನೆಯ ಬೈಟನ್ನು ಬರೆದ ಸಾಲಿನಲ್ಲೇ ಹಿಡಿಯುತ್ತದೆ. ನಮ್ಮ 21ನೆಯ ಬೈಟೂ ತಪ್ಪಿಸಿಕೊಳ್ಳುವುದಿಲ್ಲ. ಮರಳಿಸಿದ ಜಾಗವನ್ನು ಮತ್ತೆ ಮುಟ್ಟಿದರೆ, ಮುಟ್ಟಿದ್ದು ಎಲ್ಲಿ, ಮರಳಿಸಿದ್ದು ಎಲ್ಲಿ, ಪಡೆದದ್ದು ಎಲ್ಲಿ ಎಂಬ ಮೂರನ್ನೂ ಹೇಳುತ್ತದೆ. ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮತ್ತೆ ಕಂಪೈಲ್ ಮಾಡಲಾಗದಿದ್ದರೆ ಮೆಮೊರಿಯ ತಪ್ಪು ಹಿಡಿಯುವ ಇನ್ನೊಂದು ಸಾಧನ ವ್ಯಾಲ್‌ಗ್ರಿನ್ಡ್ ಇದೆ, ಅದರಲ್ಲಿ ಪ್ರೋಗ್ರಾಮ್ ಹತ್ತರಿಂದ ಮೂವತ್ತು ಪಟ್ಟು ನಿಧಾನವಾಗುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಲು ಹೋಗಬೇಡಿ. ಕೆಟ್ಟ ವಿಳಾಸ ತಿಳಿದ ಮೇಲೆ ಜಿಡಿಬಿಯ ವಾಚ್‌ಪಾಯಿಂಟ್ (ಒಂದು ವಿಳಾಸದ ಮೇಲಿನ ಕಾವಲು) ಇಟ್ಟು ಅಲ್ಲಿಗೆ ಬರೆದವರು ಯಾರೆಂದು ಕಾಯಬಹುದು.

ಇಷ್ಟು ಹೇಳಿದ ಮೇಲೆ, ನೀವು ಕೇಳದ ಪ್ರಶ್ನೆಯೊಂದಕ್ಕೂ ಉತ್ತರಿಸಿಬಿಡುತ್ತೇನೆ. ನಾಳೆ ಕೇಳಿಯೇ ಕೇಳುತ್ತೀರಿ. ಪ್ರೋಗ್ರಾಮ್ ಯಾವ ಸಾಲಿನಲ್ಲೂ ಬೀಳದೆ, ‘ಕಿಲ್ಡ್’ ಎಂಬ ಒಂದೇ ಪದ ಬಿಟ್ಟು ಮಾಯವಾದರೆ ಏನು ಮಾಡಬೇಕು? ಶೆಲ್‌ನಲ್ಲಿ ಅದರ ನಿರ್ಗಮನ ಸಂಖ್ಯೆಯನ್ನು ನೋಡಿ. ಸೆಗ್ಮೆಂಟೇಶನ್ ಫಾಲ್ಟ್ ಆಗಿದ್ದರೆ 139, ಫ್ರೀ ಗಾಬರಿಯಾಗಿ ನಿಲ್ಲಿಸಿದ್ದರೆ 134, ಹೊರಗಿನಿಂದ ಯಾರೋ ಕೊಂದಿದ್ದರೆ 137. ಕೊನೆಯದರಲ್ಲಿ ಕೊಂದವನು ಹಲವು ಸಲ ಕರ್ನಲ್‌ನ ಓಓಎಂ ಕಿಲ್ಲರ್, ಅಂದರೆ ಮೆಮೊರಿ ಮುಗಿದಾಗ ಪ್ರೋಗ್ರಾಮುಗಳನ್ನು ಕೊಲ್ಲುವ ಭಾಗ. ‘ಮ್ಯಾಲಕ್ ಜಾಗವಿಲ್ಲವೆಂದು ಸೊನ್ನೆ ಕೊಟ್ಟಿತೇ ಎಂದು ಪರೀಕ್ಷಿಸಿದ್ದೆನಲ್ಲ’ ಎನ್ನಬೇಡಿ. ಲಿನಕ್ಸ್ ಸಾಮಾನ್ಯ ಹೊಂದಿಕೆಯಲ್ಲಿ ಇರುವುದಕ್ಕಿಂತ ಹೆಚ್ಚು ಮೆಮೊರಿಯ ಮಾತು ಕೊಡುತ್ತದೆ, ನಿಜವಾದ ಪುಟಗಳನ್ನು ಒದಗಿಸುವುದು ನೀವು ಅವನ್ನು ಮೊದಲ ಸಲ ಮುಟ್ಟಿದಾಗ. ಆ ಹೊತ್ತಿಗೆ ಒದಗಿಸಲು ಏನೂ ಉಳಿಯದಿದ್ದರೆ ಕರ್ನಲ್ ಯಾವುದಾದರೂ ಒಂದು ಪ್ರೊಸೆಸನ್ನು ಆರಿಸಿ ಕೊಲ್ಲುತ್ತದೆ, ಮತ್ತು ಮೆಮೊರಿ ನುಂಗಿದ್ದು ನಿಮ್ಮದೇ ಆಗಿರಬೇಕೆಂಬ ನಿಯಮವೂ ಇಲ್ಲ. ಆದ್ದರಿಂದ 137 ಕಂಡಾಗ ಜಿಡಿಬಿ ತೆರೆಯುವ ಮುನ್ನ ಡಿಮೆಸೇಜ್ (dmesg) ಆದೇಶ ಓಡಿಸಿ ಕರ್ನಲ್‌ನ ದಾಖಲೆಯನ್ನು ಓದಿ. ಯಾರನ್ನು ಕೊಂದೆ, ಆಗ ಯಾರ ಬಳಿ ಎಷ್ಟು ಮೆಮೊರಿ ಇತ್ತು ಎಂಬ ಪಟ್ಟಿಯನ್ನು ಅದು ಅಲ್ಲಿ ಬರೆದಿಟ್ಟಿರುತ್ತದೆ.