ತಕ್ಕಡಿ ಇಲ್ಲದೆ ಗಾಳಿ ತೂಗುವ ಎಂಜಿನ್

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಇಂಜೆಕ್ಟರ್ ಅಳೆದು ಸಿಂಪಡಿಸುತ್ತದೆ, ಸರಿ. ಆದರೆ ಆಕ್ಸಿಲರೇಟರ್ ತುಳಿದಂತೆಲ್ಲ ಕ್ಷಣಕ್ಕೊಂದು ಲೆಕ್ಕದಲ್ಲಿ ಒಳನುಗ್ಗುವ ಗಾಳಿಯನ್ನು ತೂಗುವವರು ಯಾರು?

ಹರಿಯುವ ಗಾಳಿಯನ್ನೇ ನೇರವಾಗಿ ಅಳೆಯುವ ಸೆನ್ಸರ್ ಕೆಲವು ಕಾರುಗಳಲ್ಲಿದೆ, ಅದು ಬೇರೆ ಕಥೆ. ಮಿಕ್ಕ ಬಹಳಷ್ಟು ಕಾರುಗಳಲ್ಲಿ ಗಾಳಿಯ ತೂಕವನ್ನು ಲೆಕ್ಕ ಹಾಕಿಯೇ ತಿಳಿಯುತ್ತಾರೆ. ಸಿಲಿಂಡರಿನ ಅಳತೆ ಮೊದಲೇ ಗೊತ್ತು. ಗಾಳಿಯ ಒತ್ತಡ ಎಷ್ಟು, ಬಿಸಿ ಎಷ್ಟು ಅನ್ನುವುದು ಸಿಕ್ಕರೆ ತೂಕ ಸಿಕ್ಕ ಹಾಗೇ. ಇವೆರಡನ್ನೂ ಹೇಳುವುದು ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಮೇಲೆ ಕೂತಿರುವ, ಹೆಬ್ಬೆರಳಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ತುಂಡು. ಇದೇ ಟಿ-ಮ್ಯಾಪ್ (T-MAP) ಸೆನ್ಸರ್.

ಅದರೊಳಗಿರುವುದು ಸಿಲಿಕಾನ್‌ನ ತೆಳು ಪೊರೆ. ಪೊರೆಯ ಒಂದು ಬದಿಗೆ ಮ್ಯಾನಿಫೋಲ್ಡಿನ ಗಾಳಿ ತಾಗುತ್ತದೆ, ಇನ್ನೊಂದು ಬದಿಯಲ್ಲಿ ಗಾಳಿಯನ್ನೆಲ್ಲ ಹೀರಿ ತೆಗೆದು ಮುಚ್ಚಿದ ಪುಟ್ಟ ಗೂಡು. ನನಗೆ ಇಷ್ಟವಾಗುವುದು ಈ ಖಾಲಿ ಗೂಡೇ. ಅದರಲ್ಲಿ ಏನೂ ಇಲ್ಲದ್ದರಿಂದಲೇ ಅಳತೆ ಸೊನ್ನೆಯಿಂದ ಶುರುವಾಗುತ್ತದೆ, ಕಾರು ಸಮುದ್ರದ ದಡದಲ್ಲಿರಲಿ, ಬೆಟ್ಟದ ಮೇಲಿರಲಿ. ಒತ್ತಡ ಹೆಚ್ಚಿದರೆ ಪೊರೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದರೆ ಅದರಲ್ಲೇ ಮೂಡಿಸಿರುವ ರೆಸಿಸ್ಟರ್‌ಗಳ ರೋಧ ಬದಲಾಗುತ್ತದೆ. ಸಿಲಿಕಾನ್‌ನ ಈ ಗುಣವನ್ನು 1954ರಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಸ್ಮಿತ್ ಪ್ರಕಟಿಸಿದರು. ಕೊನೆಗೆ ಹೊರಬರುವುದು ಸೊನ್ನೆಯಿಂದ 5 ವೋಲ್ಟ್ ನಡುವಿನ ಒಂದು ಸಂಖ್ಯೆ, ಅಷ್ಟೇ.

ಸಮುದ್ರಮಟ್ಟದಲ್ಲಿ ಹೊರಗಿನ ಒತ್ತಡ ಸುಮಾರು 101 ಕಿಲೋಪ್ಯಾಸ್ಕಲ್. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಸುಮ್ನೆ ಐಡಲ್‌ನಲ್ಲಿದ್ದಾಗ ಮ್ಯಾನಿಫೋಲ್ಡ್ ಒಳಗೆ 30–40 ಅಷ್ಟೇ ಇರುತ್ತದೆ. ಗಾಳಿ ಒಳಬಿಡುವ ಕದವಾದ ಥ್ರಾಟಲ್ ಬಹುತೇಕ ಮುಚ್ಚಿರುತ್ತದೆ, ಪಿಸ್ಟನ್‌ಗಳು ಎಳೆಯುತ್ತಲೇ ಇರುತ್ತವೆ ಅಲ್ವಾ? ಪೂರ್ತಿ ತುಳಿದರೆ ಒಳಗೂ ಹೊರಗೂ ಹೆಚ್ಚುಕಮ್ಮಿ ಒಂದೇ.

ಬಿಸಿಯ ಲೆಕ್ಕ ಅದೇ ತುಂಡಿನಲ್ಲಿರುವ ಥರ್ಮಿಸ್ಟರ್‌ನದು. ಬಿಸಿಯಾದಷ್ಟೂ ಅದರ ರೋಧ ಇಳಿಯುತ್ತದೆ. ಒತ್ತಡ ಒಂದೇ ಇದ್ದರೂ 20 ಡಿಗ್ರಿಯ ಗಾಳಿಗಿಂತ 50 ಡಿಗ್ರಿಯ ಗಾಳಿ ಸುಮಾರು 9 ಶೇಕಡಾ ಹಗುರ, ಅಂದರೆ ಪೆಟ್ರೋಲೂ ಅಷ್ಟು ಕಡಿಮೆ ಸಾಕು.

ಈ ಲೆಕ್ಕ ಹದಗೆಡಲು ಸೆನ್ಸರೇ ಕೆಡಬೇಕೆಂದಿಲ್ಲ. ಬಾಯಿಗೆ ಮಸಿ, ಎಣ್ಣೆಜಿಡ್ಡು ಕಟ್ಟಿಕೊಂಡರೆ ಒತ್ತಡದ ಏರಿಳಿತ ಪೊರೆಗೆ ತಡವಾಗಿ ತಲುಪುತ್ತದೆ, ತುಳಿದ ಕೂಡಲೇ ಎಂಜಿನ್ ಒಂದು ಕ್ಷಣ ತಡವರಿಸುತ್ತದೆ. ಸೆನ್ಸರ್ ಬದಲಿಸುವ ಮುಂಚೆ, ಕಾರಿನ ಸೆನ್ಸರ್‌ಗಳ ಅಂಕಿ ಓದುವ ಸ್ಕ್ಯಾನರ್ ಹಾಕಿ, ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ ನೋಡಿ. ಆಗ ಅದು ತೋರಿಸಬೇಕಾದ್ದು ಹೊರಗಿನ ಗಾಳಿಯ ಒತ್ತಡವನ್ನೇ. ಜಾಸ್ತಿ ವ್ಯತ್ಯಾಸ ಕಂಡರೆ ಮಾತ್ರ ಅದರ ಮೇಲೆ ಅನುಮಾನ ಪಡಿ.