ಒಡಿಸ್ಸಿ: ಲೆಕ್ಕ ಇಟ್ಟುಕೊಂಡು ಓದುವವರಿಗೆ ಟಿಪ್ಪಣಿ

ಗ್ರೀಕ್ ಕವಿ ಹೋಮರ್‌ನ ಮಹಾಕಾವ್ಯ ಒಡಿಸ್ಸಿ ಎಂದ ಕೂಡಲೇ ಒಕ್ಕಣ್ಣ ದೈತ್ಯ, ಗಾಳಿ ಕಟ್ಟಿಟ್ಟ ಚೀಲ, ಹಂದಿಗಳಾದ ನಾವಿಕರು ನೆನಪಾಗುತ್ತಾರೆ. ಇದಿಷ್ಟೂ ಇರುವುದು 9ರಿಂದ 12ನೇ ಸರ್ಗದೊಳಗೆ. ಕಾವ್ಯದಲ್ಲಿ 24 ಸರ್ಗ, 12,100ಕ್ಕಿಂತ ಸ್ವಲ್ಪ ಹೆಚ್ಚು ಸಾಲುಗಳಿವೆ. ಮೊದಲ ನಾಲ್ಕು ಸರ್ಗಗಳಲ್ಲಿ, ಟ್ರಾಯ್ ಯುದ್ಧ ಮುಗಿಸಿ ಊರಿಗೆ ಮರಳುತ್ತಿರುವ ನಾಯಕ ಒಡಿಸ್ಯೂಸ್ ಮುಖವನ್ನೇ ತೋರಿಸುವುದಿಲ್ಲ. ಅಪ್ಪನ ಸುದ್ದಿ ಹುಡುಕಿಕೊಂಡು ಓಡಾಡುವವನು ಮಗ ಟೆಲಿಮಾಕಸ್. 13ನೇ ಸರ್ಗದಲ್ಲಿ ನಾಯಕ ತನ್ನ ಊರಾದ ಇಥಾಕಾ ಮುಟ್ಟಿಬಿಡುತ್ತಾನೆ. ಹಾಗಾಗಿ ಅರ್ಧ ಕಾವ್ಯ ಊರಿಗೆ ಬಂದ ಮೇಲಿನದು. ಸಮುದ್ರಸಾಹಸದ ಆಸೆಯಿಂದ ಹಿಡಿದವರು 3ನೇ ಸರ್ಗದಲ್ಲೇ ಪುಸ್ತಕ ಮುಚ್ಚಿಡುವುದು ಇದನ್ನು ಮೊದಲೇ ತಿಳಿಯದೆ.

ಓದುವ ಮೊದಲು ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಘಟನೆ ನಡೆದ ಕ್ರಮ, ಬಲಕ್ಕೆ ಹೋಮರ್ ಹೇಳುವ ಕ್ರಮ. ಎಡಗಡೆ ಟ್ರಾಯ್‌ನಿಂದ ಹೊರಟ 12 ಹಡಗುಗಳಿಂದ ಶುರು ಮಾಡಿ ನಷ್ಟ ಬರೆಯುತ್ತಾ ಹೋಗಿ. ಕಿಕೋನರ ಊರಲ್ಲಿ ಹಡಗಿಗೆ 6 ಜನರಂತೆ 72 ಸಾವು. ಒಕ್ಕಣ್ಣ ದೈತ್ಯ ಪಾಲಿಫೀಮಸ್‌ನ ಗುಹೆಯಲ್ಲಿ 6. ನರಭಕ್ಷಕ ಲೈಸ್ಟ್ರಿಗೋನರ ಬಂದರಿನಲ್ಲಿ ಒಂದೇ ಏಟಿಗೆ 11 ಹಡಗು. ಆರು ತಲೆಯ ರಾಕ್ಷಸಿ ಸ್ಕಿಲ್ಲಾಳ ಬಾಯಿಗೆ 6 ಜನ. ಸೂರ್ಯನ ದನ ಕೊಂದು ತಿಂದ ತಪ್ಪಿಗೆ ಉಳಿದ ಒಂದು ಹಡಗೂ ಹೋಯಿತು. ಬಲಗಡೆ ಕಾವ್ಯದ ‘ಈಗ’: ದೇವತೆಗಳ ಸಭೆಯಿಂದ ಕೊನೆಯವರೆಗೆ ಸುಮಾರು 40 ದಿನ. ಅದರಲ್ಲೂ 5ನೇ ಸರ್ಗವೊಂದೇ ಬಹಳ ದಿನ ನುಂಗುತ್ತದೆ: 20 ಮರ ಕಡಿದು ನಾಲ್ಕು ದಿನದಲ್ಲಿ ತೆಪ್ಪ ಕಟ್ಟುವುದು, 17 ದಿನ ತೇಲುವುದು, 18ನೇ ದಿನ ನೆಲ ಕಾಣುವುದು.

ಈ ಹಾಳೆ ಕೈಯಲ್ಲಿದ್ದರೆ ಒಂದು ಹಳೆಯ ತಪ್ಪು ತಾನಾಗಿ ಬಿದ್ದುಹೋಗುತ್ತದೆ. ‘ಹತ್ತು ವರ್ಷ ಸಮುದ್ರದಲ್ಲಿ ಅಲೆದ’ ಎಂದು ಉತ್ತರಪತ್ರಿಕೆಗಳಲ್ಲಿ ಬರೆಯುವವರು ಬಹಳ. ಹತ್ತರಲ್ಲಿ 7 ವರ್ಷ ದೇವತೆ ಕ್ಯಾಲಿಪ್ಸೊಳ ದ್ವೀಪದಲ್ಲಿ, 1 ವರ್ಷ ನಾವಿಕರನ್ನು ಹಂದಿಗಳಾಗಿಸಿದ ಮಾಟಗಾತಿ ಕಿರ್ಕೆಯ ಮನೆಯಲ್ಲಿ. ಅಲೆದದ್ದು ಉಳಿದ ಎರಡು ವರ್ಷದೊಳಗೆ. (ಹೆಸರುಗಳ ಬಗ್ಗೆ: ಕಿರ್ಕೆಯೇ ಕೆಲವು ಪುಸ್ತಕಗಳ ಸರ್ಸಿ, ಯುಲಿಸಿಸ್ ಎಂಬುದು ಒಡಿಸ್ಯೂಸ್‌ನ ಲ್ಯಾಟಿನ್ ರೂಪ. ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸಬೇಡಿ.)

ಮುಂದಿನ ಪ್ರಶ್ನೆ: ಹೇಳುತ್ತಿರುವವರು ಯಾರು? 9ರಿಂದ 12ರವರೆಗೆ ಮಾತಾಡುವವನು ಹೋಮರ್ ಅಲ್ಲ, ಒಡಿಸ್ಯೂಸ್. ಫಿಯೇಶಿಯಾದ ರಾಜ ಅಲ್ಕಿನೂಸ್‌ನ ಸಭೆಯಲ್ಲಿ, ಊಟವಾದ ಮೇಲೆ, ಊರಿಗೆ ಹೋಗಲು ಹಡಗು ಬೇಕಾಗಿರುವವನು ಹೇಳುವ ಕಥೆ ಅದು. ಇದೇ ಮನುಷ್ಯ ಮುಂದೆ ದೇವತೆ ಅಥೇನಾ, ಹಂದಿಗಾಹಿ ಯೂಮಿಯಸ್, ಸ್ವಂತ ಹೆಂಡತಿ, ಕೊನೆಗೆ ಮುದಿ ತಂದೆಯ ಮುಂದೆಯೂ ಸುಳ್ಳು ಪೂರ್ವಕಥೆ ಹೆಣೆಯುತ್ತಾನೆ. ಹಾಗೆಂದು ‘9–12 ಬರೀ ಬುರುಡೆ’ ಎಂದು ಬರೆದರೂ ತಪ್ಪೇ, ಏಕೆಂದರೆ ಕವಿ ತನ್ನ ದನಿಯಲ್ಲೇ 1ನೇ ಸರ್ಗದಲ್ಲಿ ಸೂರ್ಯನ ದನಗಳ ಪ್ರಸಂಗವನ್ನು ಹೇಳಿದ್ದಾನೆ. ಕವಿಯ ಎಚ್ಚರ ಎಷ್ಟಿದೆ ನೋಡಬೇಕಾದರೆ 12.389ಕ್ಕೆ (12ನೇ ಸರ್ಗ, 389ನೇ ಸಾಲು) ಹೋಗಿ. ಸೂರ್ಯ ದೇವರಾಜ ಜೀಯಸ್‌ಗೆ ಕೊಟ್ಟ ದೂರನ್ನು ಒಡಿಸ್ಯೂಸ್ ಮಾತಿಗೆ ಮಾತು ವರದಿ ಮಾಡಿದ್ದಾನೆ. ದೇವಲೋಕದ ಮಾತು ಇವನಿಗೆ ಹೇಗೆ ಗೊತ್ತು? ‘ಕ್ಯಾಲಿಪ್ಸೊ ಹೇಳಿದಳು, ಅವಳಿಗೆ (ದೇವದೂತ) ಹರ್ಮಿಸ್ ಹೇಳಿದ್ದನಂತೆ’ ಎಂದು ತಕ್ಷಣ ಸೇರಿಸುತ್ತಾನೆ.

ಒಂದು ಪ್ರಸಂಗವನ್ನಾದರೂ ಸಾಲು ಸಾಲಾಗಿ ಓದಬೇಕು. ಅದು ಗುಹೆಯ ಪ್ರಸಂಗವೇ ಆಗಲಿ.

ಗ್ರೀಕರ ಅತಿಥಿಧರ್ಮಕ್ಕೆ ಕ್ಸೆನಿಯಾ ಎಂದು ಹೆಸರು. ಬಂದವನಿಗೆ ಕೈ ತೊಳೆಯಲು ನೀರು, ಕೂರಲು ಆಸನ, ಊಟ; ಆಮೇಲಷ್ಟೇ ‘ಯಾರು ನೀನು, ಯಾವ ಊರು’. ಅಲ್ಕಿನೂಸ್ ಹೆಸರು ಕೇಳುವುದು 8ನೇ ಸರ್ಗದ ತುದಿಯಲ್ಲಿ. ಪಾಲಿಫೀಮಸ್ ಕಂಡ ಕೂಡಲೇ ಹೆಸರು ಕೇಳುತ್ತಾನೆ, ಊಟ ಹಾಕುವ ಬದಲು ಅತಿಥಿಯನ್ನೇ ಊಟ ಮಾಡುತ್ತಾನೆ, ‘ನಿನ್ನನ್ನು ಕೊನೆಗೆ ತಿನ್ನುತ್ತೇನೆ’ ಎಂಬುದನ್ನೇ ಉಡುಗೊರೆ ಎನ್ನುತ್ತಾನೆ. ಆದರೆ ಯಜಮಾನ ಇಲ್ಲದಾಗ ಒಳಹೊಕ್ಕು ಅವನ ಗಿಣ್ಣು ತಿಂದವರು ಇವರೇ. ತಪ್ಪು ಎರಡೂ ಕಡೆ ಇದೆ ಎಂಬುದನ್ನು ಬಿಡಬೇಡಿ.

ಮಲಗಿದವನನ್ನು ಕತ್ತಿಯಿಂದ ಇರಿದು ಮುಗಿಸಬಹುದಿತ್ತಲ್ಲ? ಒಡಿಸ್ಯೂಸ್ ಅದನ್ನೇ ಯೋಚಿಸಿ ಕೈ ತಡೆಯುತ್ತಾನೆ. ಬಾಗಿಲ ಬಂಡೆಯನ್ನು 22 ಬಂಡಿಗಳೂ ಕದಲಿಸಲಾರವು. ಅವನು ಸತ್ತರೆ ಇವರು ಒಳಗೇ ಕೊಳೆಯಬೇಕು. ದೈತ್ಯ ಬದುಕಿರಬೇಕು, ಕಾಣಬಾರದು. ಅದಕ್ಕೇ ಆಲಿವ್ ಮರದ ಗೂಟ, ಅದಕ್ಕೇ ದ್ರಾಕ್ಷಾರಸ. ಒಂದು ಬಟ್ಟಲಿಗೆ 20 ಅಳತೆ ನೀರು ಬೆರೆಸಿ ಕುಡಿಯುವಂಥದ್ದನ್ನು ಅವನು ಬೆರೆಸದೆ ಮೂರು ಸಲ ಕುಡಿದು ಬೀಳುತ್ತಾನೆ.

ಇನ್ನು ಹೆಸರಿನ ಆಟ. ‘ನನ್ನ ಹೆಸರು ಊತಿಸ್’ ಎನ್ನುತ್ತಾನೆ ಒಡಿಸ್ಯೂಸ್ (9.366). ಗ್ರೀಕಿನಲ್ಲಿ ಊ ತಿಸ್ ಎಂದರೆ ‘ಯಾರೂ ಇಲ್ಲ’. ನಿಷೇಧ ಆ ಸರ್ವನಾಮದಲ್ಲೇ ಇದೆ, ಕ್ರಿಯಾಪದ ಬದಲಾಗುವುದಿಲ್ಲ. ಹಾಗಾಗಿ ‘ಊತಿಸ್ ಕೊಲ್ಲುತ್ತಿದ್ದಾನೆ’ ಎಂಬ ಕೂಗು ನೆರೆಯವರ ಕಿವಿಗೆ ‘ಯಾರೂ ಕೊಲ್ಲುತ್ತಿಲ್ಲ’ ಎಂದೇ ಬೀಳುತ್ತದೆ. ಕನ್ನಡದಲ್ಲಿ ನಿಷೇಧ ಕ್ರಿಯಾಪದಕ್ಕೆ ಅಂಟುತ್ತದೆ. ‘ಯಾರೂ ಕೊಲ್ಲುತ್ತಿದ್ದಾನೆ’ ಎಂಬುದು ವಾಕ್ಯವೇ ಅಲ್ಲ. ಅನುವಾದದಲ್ಲಿ ಈ ಜಾಗ ತೊಡರುವುದು ಅನುವಾದಕರ ಸೋಮಾರಿತನದಿಂದಲ್ಲ, ವ್ಯಾಕರಣದಿಂದ. ನೆರೆಯವರ ಉತ್ತರದಲ್ಲಿ ಊ ತಿಸ್ ಬದಲು ಮೇ ತಿಸ್ ಬರುತ್ತದೆ. ಅದೇ ಉಚ್ಚಾರದ ಮೇತಿಸ್ ಎಂದರೆ ಜಾಣತನ. ‘ನನ್ನ ಹೆಸರು, ನನ್ನ ಮೇತಿಸ್ ಗೆದ್ದಿತು’ ಎಂದು ಅವನು ಒಳಗೊಳಗೇ ನಗುವುದು ಇದಕ್ಕೆ.

ತಪ್ಪಿಸಿಕೊಂಡ ಮೇಲೆ ಹಡಗಿನಿಂದ ತನ್ನ ಹೆಸರು, ತಂದೆಯ ಹೆಸರು, ಊರು ಮೂರನ್ನೂ ಕೂಗಿ ಹೇಳಿದ್ದೇ ಎಡವಟ್ಟು. ವಿಳಾಸ ಸಿಕ್ಕಿತು, ಶಾಪ ಹತ್ತಿತು (9.530–535). ಊರು ಸೇರುವುದು ಹಣೆಯಲ್ಲಿ ಬರೆದಿದ್ದರೆ ತಡವಾಗಿ ಸೇರಲಿ, ಸಂಗಡಿಗರನ್ನೆಲ್ಲ ಕಳೆದುಕೊಂಡು ಸೇರಲಿ, ಬೇರೆಯವರ ಹಡಗಿನಲ್ಲಿ ಸೇರಲಿ, ಮನೆಯಲ್ಲೂ ಸಂಕಟ ಕಾದಿರಲಿ. ಈ ನಾಲ್ಕನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದುಕೊಳ್ಳಿ. ಉಳಿದ ಕಾವ್ಯಕ್ಕೆ ಇದಕ್ಕಿಂತ ಒಳ್ಳೆಯ ವಿಷಯಸೂಚಿ ಸಿಗದು.

ಛಂದಸ್ಸು ಎಂದರೆ ಗಾಬರಿಯಾಗುವವರಿಗೆ ಇಲ್ಲಿ ಕನ್ನಡವೇ ಸಹಾಯಕ್ಕೆ ಬರುತ್ತದೆ. ಹೋಮರ್‌ನ ಸಾಲಿಗೆ ಆರು ಗಣ, ಗಣಕ್ಕೆ ನಾಲ್ಕು ಮಾತ್ರೆ, ಒಟ್ಟು 24. ಕಂದಪದ್ಯಕ್ಕೆ ಪ್ರಸ್ತಾರ ಹಾಕಿದವರಿಗೆ ನಾಲ್ಕು ಮಾತ್ರೆಯ ಗಣ ಹೊಸದಲ್ಲ. ಅಲ್ಲಿ ಐದು ಬಗೆಯ ಗಣಕ್ಕೆ ಅವಕಾಶವಿದ್ದರೆ ಇಲ್ಲಿ ಎರಡೇ: ನಮ್ಮ ಭಗಣ (ಗುರು, ಲಘು, ಲಘು) ಅಥವಾ ಎರಡು ಗುರು. ಕೊನೆಯ ಗಣದಲ್ಲಿ ಯಾವಾಗಲೂ ಎರಡೇ ಅಕ್ಷರ, ತುದಿಯ ಅಕ್ಷರವನ್ನು ಗುರು ಎಂದೇ ಎಣಿಸಬೇಕು. ಈಗ ಒಡಿಸ್ಯೂಸ್‌ನ ಹೆಸರಿಗೆ ಅಂಟುವ ವಿಶೇಷಣಗಳನ್ನು ಅಳೆಯಿರಿ. ‘ಪೊಲುತ್ಲಾಸ್ ದೀಯೊಸ್ ಒಡುಸ್ಸ್ಯೂಸ್’ (ಬಹಳ ಸಹಿಸಿದ, ಶ್ರೇಷ್ಠ) 13 ಮಾತ್ರೆ. ‘ಪೊಲುಮೇತಿಸ್ ಒಡುಸ್ಸ್ಯೂಸ್’ (ಬಹು ಜಾಣ) 10. ‘ದೀಯೊಸ್ ಒಡುಸ್ಸ್ಯೂಸ್’ 8. ‘ಅವನಿಗೆ ಉತ್ತರವಾಗಿ ನುಡಿದನು’ ಎಂಬ ಸಿದ್ಧ ತುಣುಕು 14 ಮಾತ್ರೆ ತಿಂದರೆ ಉಳಿಯುವುದು 10, ಅಲ್ಲಿ ಕೂರುವುದು ‘ಬಹು ಜಾಣ’ ಮಾತ್ರ. ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಇಂಥ ಲೆಕ್ಕದಿಂದಲೇ ಇದು ಬಾಯಿಪರಂಪರೆಯ ಕಟ್ಟಡ ಎಂದು ತೋರಿಸಿದ್ದು. 1933–35ರಲ್ಲಿ ಯುಗೊಸ್ಲಾವಿಯಾದ ಹಾಡುಗಾರರನ್ನು ಧ್ವನಿಮುದ್ರಿಸಿಕೊಂಡಿದ್ದೂ ಅದಕ್ಕಾಗಿ. ಆದ್ದರಿಂದ ವಿಶೇಷಣ ಕಂಡಲ್ಲೆಲ್ಲ ‘ಕವಿ ಇಲ್ಲಿ ಜಾಣತನವನ್ನು ಒತ್ತಿ ಹೇಳುತ್ತಾನೆ’ ಎಂದು ಬರೆದರೆ ಅಂಕ ಹೋಗುತ್ತದೆ.

ಸಣ್ಣಪುಟ್ಟ ಎಡವುಗಳು: ಹಾಡಿನಿಂದ ನಾವಿಕರನ್ನು ಸೆಳೆಯುವ ಸೈರನ್‌ಗಳ ಮೈ ಹೇಗಿತ್ತೆಂದು ಹೋಮರ್ ಹೇಳುವುದೇ ಇಲ್ಲ, ಮೀನಿನ ಬಾಲವಂತೂ ಖಂಡಿತ ಇಲ್ಲ; ಅವರು ಒಡ್ಡುವ ಆಮಿಷವೂ ಸೌಂದರ್ಯವಲ್ಲ, ತಿಳಿವು. ಟ್ರಾಯ್‌ನ ಮರದ ಕುದುರೆ ಹೋಮರ್‌ನ ಇನ್ನೊಂದು ಕಾವ್ಯವಾದ ಇಲಿಯಡ್‌ನಲ್ಲಿ ಬರುವುದಿಲ್ಲ, ಈ ಕಾವ್ಯದ 4, 8, 11ನೇ ಸರ್ಗಗಳಲ್ಲಿ ಬರುತ್ತದೆ. ಮದುವೆಯಾಗೆಂದು ಒಡಿಸ್ಯೂಸ್‌ನ ಹೆಂಡತಿ ಪೆನೆಲೊಪೆಗೆ ಗಂಟುಬಿದ್ದವರು 108 ಜನ (52, 24, 20, 12, ಸರ್ಗ 16). ನಮ್ಮ ಅಷ್ಟೋತ್ತರಕ್ಕೂ ಇದಕ್ಕೂ ನಂಟಿಲ್ಲ. ಶಿವಧನುಸ್ಸಿನ ನೆನಪಿನಲ್ಲಿ ಬಿಲ್ಲು ಮುರಿಯಿತೆಂದೂ ಬರೆಯಬೇಡಿ. ಹೆದೆ ಏರಿಸಿ 12 ಕೊಡಲಿಗಳ ಮೂಲಕ ಬಾಣ ಬಿಡುವುದು ಇಲ್ಲಿಯ ಪಣ.

ಕೊನೆಯ ಭಾಗದಲ್ಲಿ ಗುರುತು ಹಿಡಿಯುವ ದೃಶ್ಯಗಳನ್ನು ಮಾತ್ರ ಬೇರೆ ಪಟ್ಟಿ ಮಾಡಿ. 17ರಲ್ಲಿ ನಾಯಿ ಆರ್ಗೊಸ್, ಯಾವ ಗುರುತೂ ಬೇಡ. 19ರಲ್ಲಿ ಕಾಲು ತೊಳೆಯುವ ದಾದಿಗೆ ಗಾಯದ ಕಲೆ. ಪೆನೆಲೊಪೆಗೆ ಕಲೆ ಸಾಲದು. ‘ಮಂಚವನ್ನು ಹೊರಗೆ ತಂದು ಹಾಕು’ ಎಂದು ದಾದಿಗೆ ಹೇಳಿ ಗಂಡನನ್ನೇ ಪರೀಕ್ಷಿಸುತ್ತಾಳೆ. ಬೇರು ಬಿಟ್ಟ ಆಲಿವ್ ಮರವನ್ನೇ ಕಾಲಾಗಿಸಿ ಕಟ್ಟಿದ ಮಂಚ ಸರಿಯುವುದೆಲ್ಲಿ? ಅವನು ಸಿಟ್ಟಿಗೇಳುತ್ತಾನೆ, ಅಲ್ಲಿಗೆ ಇಡೀ ಕಾವ್ಯದಲ್ಲಿ ಅವನನ್ನು ಮಾತಿನಲ್ಲಿ ಸೋಲಿಸಿದ ಒಬ್ಬಳು ಮನುಷ್ಯಳು ಹೆಂಡತಿಯೇ ಆಗುತ್ತಾಳೆ.

ಅಲೆಕ್ಸಾಂಡ್ರಿಯಾದ ವಿದ್ವಾಂಸರಾದ ಅರಿಸ್ಟೊಫನಿಸ್ ಮತ್ತು ಅರಿಸ್ಟಾರ್ಕಸ್ ಇಬ್ಬರೂ ಕಾವ್ಯದ ‘ಕೊನೆ’ 23.296 ಎಂದಿದ್ದರು: ಗಂಡ ಹೆಂಡತಿ ಆ ಮಂಚಕ್ಕೆ ಹೋಗುವ ಸಾಲು. ಹಾಗೆ ಕತ್ತರಿಸಿದರೆ ಒಡಿಸ್ಯೂಸ್ ಕೈಯಲ್ಲಿ ಸತ್ತ 108 ಜನರ ಬಂಧುಗಳ ಸೇಡು ಬಗೆಹರಿಯದೆ ಉಳಿಯುತ್ತದೆ. ಮುದಿ ತಂದೆ ಲಾಯರ್ಟಿಸ್‌ನ ತೋಟವೂ ಹೋಗುತ್ತದೆ. ಅಲ್ಲಿ ಮಗ ಕಲೆ ತೋರಿಸಿ, ಅದು ಸಾಲದೆಂಬಂತೆ, ಚಿಕ್ಕಂದಿನಲ್ಲಿ ಅಪ್ಪ ತನ್ನ ಪಾಲಿಗೆಂದು ಕೊಟ್ಟ ಗಿಡಗಳನ್ನು ಎಣಿಸಿ ಹೇಳುತ್ತಾನೆ: 13 ಪೇರ್, 10 ಸೇಬು, 40 ಅಂಜೂರ, 50 ಸಾಲು ದ್ರಾಕ್ಷಿ.